ಬರುವ ನೀರಿಗೆ ಲೆಕ್ಕವಿದೆ, ಹೋಗುವ ನೀರಿಗೆ?

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ರಾಜರಾಜೇಶ್ವರಿನಗರದ ಜನ ಸಂಪು ತುಂಬಿಸಿಕೊಳ್ಳಲು ಟ್ಯಾಂಕರ್‌ಗಾಗಿ ಕಾದು ಕೂತರು. ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಎಚ್ಚರಿಸಿತು. ಆ ಬೇಸಿಗೆಯಲ್ಲೂ ಮೈಸೂರು ರಸ್ತೆಯ ಪಕ್ಕದಲ್ಲಿ ವೃಷಭಾವತಿ ನದಿ ಹರಿಯುತ್ತಲೇ ಇತ್ತು, ನಾವು ಬಳಸಿ ಬಿಟ್ಟ ನೀರನ್ನು ಹೊತ್ತು.

ದೇಶದ ಜಲನೀತಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಈ ಬಡಾವಣೆಯೇ ಸಾಕ್ಷಿ.

ನೀರು ತರುವುದರಲ್ಲಿ ನಾವು ಗೆದ್ದಿದ್ದೇವೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಕಾವೇರಿ ನ್ಯಾಯಮಂಡಳಿ ಹಾಕಿದ್ದ ಲೆಕ್ಕವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಒಪ್ಪಲಿಲ್ಲ; ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಜಪಾನ್ ನೆರವಿನ ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಒದಗಿಸುವ ಯೋಜನೆಯಿದು. ಹಕ್ಕು, ಹಣ, ಹೊಣೆ ಹೊತ್ತ ಒಂದೇ ಸಂಸ್ಥೆ: ಮೂರೂ ಕೂಡಿದ್ದರಿಂದಲೇ ಇದು ಸಾಧ್ಯವಾಯಿತು.

ಸೋತಿರುವುದು ಬಳಸಿ ಬಿಟ್ಟ ನೀರಿನ ವಿಷಯದಲ್ಲಿ. ಮನೆಗೆ ಬಂದ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ. ನಮ್ಮ ಭಾಗದ್ದು ವೃಷಭಾವತಿಗೆ ಸೇರಿ, ಬಿಡದಿ ಬಳಿಯ ಬೈರಮಂಗಲ ಕೆರೆ ದಾಟಿ, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಯನ್ನೇ ಸೇರುತ್ತದೆ. ದಾರಿಯುದ್ದಕ್ಕೂ ರೈತರು ಆ ನೀರಲ್ಲೇ ಬೆಳೆ ತೆಗೆಯುತ್ತಾರೆ. ನದಿ ಕೊಳ್ಳವನ್ನೇ ಯೋಜನೆಯ ಘಟಕವಾಗಿ ಪರಿಗಣಿಸಬೇಕು ಎನ್ನುತ್ತದೆ 2012ರ ರಾಷ್ಟ್ರೀಯ ಜಲನೀತಿ. ಇಲ್ಲಿ ನಲ್ಲಿ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಅಂತರ್ಜಲ ಇನ್ನೊಂದು ಪ್ರಾಧಿಕಾರದ್ದು, ಮಾಲಿನ್ಯ ಮತ್ತೊಂದು ಮಂಡಳಿಯದು. ಹೊಳೆಗೆ ಮಾತ್ರ ಯಜಮಾನರಿಲ್ಲ.

ದಾರಿ ಇಲ್ಲದೇನಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಶುದ್ಧೀಕರಣದ ಮಟ್ಟದ ಬಗ್ಗೆ ಅಲ್ಲಿನವರು ಎತ್ತಿದ ಪ್ರಶ್ನೆಗಳು ನ್ಯಾಯಯುತವೇ. ಆದರೂ ಬಳಸಿದ ನೀರಿಗೂ ಲೆಕ್ಕ ಇಡಬಹುದೆಂದು ಆ ಯೋಜನೆ ತೋರಿಸಿತು.

ರಾಜರಾಜೇಶ್ವರಿನಗರಕ್ಕೂ ಬೇಕಿರುವುದು ಅದೇ. ವಾರ್ಡ್‌ಗೆ ಎಷ್ಟು ನೀರು ಬಂತು, ಎಷ್ಟು ಶುದ್ಧವಾಯಿತು, ಹಲಗೆವಡೇರಹಳ್ಳಿಯಂಥ ಕೆರೆಗಳಲ್ಲಿ ಎಷ್ಟು ನಿಂತಿತು, ನೆಲಕ್ಕೆ ಎಷ್ಟು ಇಂಗಿತು ಎಂಬುದು ಪ್ರತಿ ತಿಂಗಳು ಜನರ ಮುಂದೆ ಬರಬೇಕು. ಅದಕ್ಕೆ ಉತ್ತರ ಕೊಡುವ ಅಧಿಕಾರಿ ಒಬ್ಬರೇ ಇರಬೇಕು. ಕಾವೇರಿ ಆರನೇ ಹಂತದ ಮಾತಾಡುವ ಮುನ್ನ ಈ ಲೆಕ್ಕ ಕೇಳೋಣ.