ಜತ್ತದ ವಸ್ತಿಗಳಲ್ಲಿ ಆಶಾತಾಯಿಯ ಹಾದಿ

ಜತ್ತದಿಂದ ಸಂಖ, ಉಮದಿ ಕಡೆ ಹೊರಟರೆ ಊರುಗಳಿಗಿಂತ ವಸ್ತಿಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಜೋಳದ ಹೊಲ, ದಾಳಿಂಬೆ ತೋಟ, ದ್ರಾಕ್ಷಿ ಹಂದರ. ನಡುವೆ ಒಂದು ಮನೆ, ಎರಡು ಬೇವಿನ ಮರ, ದನದ ಕೊಟ್ಟಿಗೆ. ಅದರಾಚೆ ಮತ್ತೆ ಬಯಲು. ಹೊಲದಲ್ಲೇ ಮನೆ ಕಟ್ಟಿಕೊಂಡು ಅಲ್ಲೇ ಬಾಳುವುದು ಇಲ್ಲಿನ ರೂಢಿ. ಪಂಚಾಯಿತಿ ದಾಖಲೆಯಲ್ಲಿ ಒಂದೇ ಹಳ್ಳಿ ಎಂದು ಬರೆದಿದ್ದರೂ ನಡೆದು ನೋಡಿದವರಿಗೆ ಹತ್ತಾರು ವಸ್ತಿ ಸಿಗುತ್ತವೆ. ಜ್ವರ ಬಂದ ಕೂಸಿಗಾಗಲಿ, ದಿನ ತುಂಬಿದ ಬಸುರಿಗಾಗಲಿ ಇಲ್ಲಿ ಮೊದಲು ಎದುರಾಗುವುದು ದೂರ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ವಿಸ್ತಾರದಲ್ಲಿ ಎಲ್ಲಕ್ಕಿಂತ ದೊಡ್ಡ ತಾಲ್ಲೂಕು ಜತ್ತ. 2,200 ಚದರ ಕಿ.ಮೀ.ಗೂ ಹೆಚ್ಚು ನೆಲ, ಎಂದರೆ ಜಿಲ್ಲೆಯ ಕಾಲು ಭಾಗ. ಜನ ಮಾತ್ರ 2011ರ ಗಣತಿಯ ಪ್ರಕಾರ ಸುಮಾರು 3 ಲಕ್ಷ 28 ಸಾವಿರ. ಅದು ಜಿಲ್ಲೆಯ ಎಂಟನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಕೃಷ್ಣೆಯ ದಂಡೆಯ ವಾಳವಾ, ಮೀರಜದ ಕಡೆ ಊರಿಗೆ ಊರು ತಾಗಿಕೊಂಡಿದ್ದರೆ ಇಲ್ಲಿ ಮನೆಗೆ ಮನೆಯೇ ತಾಗಿಲ್ಲ. ಹಾಗಿದ್ದೂ ಸರ್ಕಾರದ ಲೆಕ್ಕ ಎರಡೂ ಕಡೆಗೆ ಒಂದೇ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶಕ್ಕೆ ಇದನ್ನು 3,000 ಮತ್ತು 20,000ಕ್ಕೆ ಇಳಿಸಿದ್ದಾರೆ. ಜತ್ತ ಗುಡ್ಡಗಾಡೂ ಅಲ್ಲ, ಆದಿವಾಸಿ ಪ್ರದೇಶವೂ ಅಲ್ಲ. ಬರದ ಬಯಲಿಗೆಂದು ಬೇರೆ ಲೆಕ್ಕ ಇಲ್ಲ. ತಲೆ ಎಣಿಸಿ ದವಾಖಾನೆ ಕಟ್ಟಿದರೆ ಜನ ಚದುರಿ ಬದುಕುವ ಸೀಮೆಗೆ ಯಾವತ್ತೂ ಕಡಿಮೆಯೇ ಸಿಗುತ್ತದೆ.

ಈ ನೆಲದ ಹಿನ್ನೆಲೆ ಇಷ್ಟು. ಬಿಜಾಪುರದ ಆದಿಲಶಾಹಿ ಕಾಲದಲ್ಲಿ ಮೇಲೆ ಬಂದ ಡಫಳೆ ಮನೆತನ ಜತ್ತ ಸಂಸ್ಥಾನವನ್ನು ಆಳಿತು. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, 1960ರಲ್ಲಿ ಅದಕ್ಕೆ ಸಾಂಗ್ಲಿ ಎಂದು ಹೆಸರು ಬಂತು. ಅದಕ್ಕೂ ಬಹಳ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಶರಣೆ ದಾನಮ್ಮ ಹುಟ್ಟಿದ ಉಮರಾಣಿ ಮತ್ತು ಆಕೆ ನೆಲೆಸಿದ ಗುಡ್ಡಾಪುರ ಎರಡೂ ಈ ತಾಲ್ಲೂಕಿನಲ್ಲೇ ಇವೆ. ಗಡಿಯಾಚೆ ಕರ್ನಾಟಕದ ಭಕ್ತರು ಈಗಲೂ ಗುಡ್ಡಾಪುರಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ.

ಉಮದಿ ಭಾಗದ ಒಂದು ಹಳ್ಳಿಯಲ್ಲಿ ಉಪಕೇಂದ್ರದ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಮಾತಿಗೆ ಸಿಕ್ಕರು. ಮಹಾರಾಷ್ಟ್ರದಲ್ಲಿ ಇವರನ್ನು ಆಶಾತಾಯಿ ಎಂದು ಕರೆಯುತ್ತಾರೆ. ಅಂದು ಲಸಿಕೆಯ ದಿನ. ನರ್ಸಮ್ಮ ಲಸಿಕೆಯ ಡಬ್ಬಿ ಇಟ್ಟುಕೊಂಡು ಒಳಗೆ ಕುಳಿತಿದ್ದರು. ಹೊರಗೆ ಆಶಾತಾಯಿ ಮೊಬೈಲಿನಲ್ಲಿ ಒಬ್ಬೊಬ್ಬ ತಾಯಿಗೂ ಫೋನ್ ಹಚ್ಚುತ್ತಿದ್ದರು. ‘ಯವ್ವಾ, ಕೂಸಿನ್ನ ಕರಕೊಂಡ ಬಾರವಾ, ಹನ್ನೆರಡರ ಒಳಗ ಬಾ.’ ಎತ್ತಿದವರು ಬಂದರು. ಎತ್ತದವರ ಮನೆಗೆ ಸಂಜೆ ತಾವೇ ಹೋಗಬೇಕು ಎಂದರು.

‘ಹಳ್ಳದ ಆಚಿ ವಸ್ತಿಗೆ ಗಾಡಿ ಹೋಗೂದಿಲ್ರಿ ಅಣ್ಣಾರ. ಮಳಿ ಆತಂದ್ರ ಎರಿಮಣ್ಣು ಕಾಲು ಬಿಡೂದಿಲ್ಲ. ಬಾಣಂತಿ ಇದ್ದಲ್ಲಿ ಹೋಗಲಾಕs ಬೇಕಲ್ರಿ? ಕೂಸಿನ ತೂಕ ನೋಡಬೇಕು, ಮೈ ಬಿಸಿ ಐತೇನು ನೋಡಬೇಕು, ಹಾಲು ಕುಡೀತೈತೋ ಇಲ್ಲೋ ಕೇಳಬೇಕು.’

ಇದು ನಿಯಮದಲ್ಲೇ ಇರುವ ಕೆಲಸ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕು. ಆರು ಭೇಟಿ ಮುಗಿದರೆ ಆಶಾಗೆ 250 ರೂಪಾಯಿ. ಅಕ್ಕಪಕ್ಕ ಮನೆಗಳಿರುವ ಊರಿನಲ್ಲಿ ಇದು ಊಟವಾದ ಮೇಲೆ ಒಂದು ಸುತ್ತು ಹೋಗಿ ಬರುವ ಕೆಲಸ. ವಸ್ತಿಗಳ ಸೀಮೆಯಲ್ಲಿ ಒಂದು ಭೇಟಿಗೆ ಅರ್ಧ ದಿನ ಹೋಗುತ್ತದೆ. ಗಂಡನೋ ಮಗನೋ ಗಾಡಿ ಮೇಲೆ ಬಿಟ್ಟು ಬಂದರೆ ಪೆಟ್ರೋಲ್ ಮನೆಯದೇ. ಹಣ ಎಲ್ಲ ಕಡೆಗೂ ಅಷ್ಟೇ, ಅದರಲ್ಲಿ ದೂರಕ್ಕೆ ಬೆಲೆ ಇಲ್ಲ. ಇದು ಸರಿಯಲ್ಲ ಎಂದು ಹೇಳಲು ಆರೋಗ್ಯ ತಜ್ಞರೇ ಬೇಕಾಗಿಲ್ಲ.

ಸಕ್ಕರೆ ಕಾರ್ಖಾನೆಗಳು ಶುರುವಾದರೆ ಇನ್ನೊಂದು ತೊಂದರೆ. ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಸಂಸಾರಗಳು ಹೊರಡುತ್ತವೆ. ಬಸುರಿಯೂ ಹೋಗುತ್ತಾಳೆ, ಲಸಿಕೆ ಅರ್ಧಕ್ಕೆ ನಿಂತ ಕೂಸೂ ಹೋಗುತ್ತದೆ. ರಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಖಾಲಿ ಮನೆ ಉಳಿಯುತ್ತದೆ. ‘ಫೋನ್ ಮಾಡ್ತೀನ್ರಿ. ಅಲ್ಲಿ ಯಾವ ಊರಾಗ ಅದಾರ, ಅಲ್ಲಿನ ಆಶಾ ಯಾರು, ನನಗೇನ ಗೊತ್ತಾಗಬೇಕು? ತಿರುಗಿ ಬಂದ ಮ್ಯಾಲ ಮತ್ತ ಮೊದಲಿಂದ ಹಿಡೀಬೇಕು.’

ಆದರೆ ಅವರು ಹೆಚ್ಚು ಹೊತ್ತು ಹೇಳಿಕೊಂಡದ್ದು ಭಾಷೆಯ ಪಾಡು. ಆಕೆ ಓದಿದ್ದು ಕನ್ನಡ ಶಾಲೆ, ಬರೆಯುವುದು ಮರಾಠಿ ರಜಿಸ್ಟರ್. ವಸ್ತಿಗಳಲ್ಲಿ ಮಾತು ಕನ್ನಡ, ತರಬೇತಿ ಮರಾಠಿ, ವರದಿಯೂ ಮರಾಠಿ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಬಾಂಡ್ ಇದೆ. ಹಾಗೆ ಬರುವ ಎಳೆಯ ಡಾಕ್ಟರು ಮರಾಠವಾಡಾದವರೋ ವಿದರ್ಭದವರೋ ಆಗಿರುತ್ತಾರೆ. ಕನ್ನಡದ ನಾಲ್ಕು ಮಾತು ಕಿವಿಗೆ ಬಿದ್ದು ನಾಲಗೆಗೆ ಹತ್ತುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

‘ಡಾಕ್ಟರ ಸಾಹೇಬ್ರು ಚಲೋ ಮನಶಾರ್ರಿ, ಬೈಯೂದಿಲ್ಲ. ಆದ್ರ ಅವ್ರು ಮರಾಠಿ ಕೇಳ್ತಾರ, ಅಜ್ಜಿ ನನ್ನ ಮಾರಿ ನೋಡ್ತಾಳ. ಸಂಕಟ ಆಗತೈತಿ ಅಂತಾಳ, ಎದಿ ಹಿಡದಂಗ ಆಗತೈತಿ ಅಂತಾಳ. ನಾ ತಪ್ಪು ಹೇಳಿದ್ರ ಗುಳಿಗಿ ತಪ್ಪತೈತಲ್ರಿ? ಅದs ಅಂಜಿಕಿ ನನಗ.’

ಆಶಾಗೆ ಯಾವ ಕೆಲಸಕ್ಕೆ ಎಷ್ಟು ಎಂದು ಉದ್ದನೆಯ ಪಟ್ಟಿ ಇದೆ. ರೋಗಿಯ ಮಾತನ್ನು ವೈದ್ಯರಿಗೆ ಮುಟ್ಟಿಸುವ ಕೆಲಸ ಆ ಪಟ್ಟಿಯಲ್ಲಿ ಇಲ್ಲ. ಆ ಕೆಲಸ ನಿಂತರೆ ಈ ಭಾಗದ ಹೊರರೋಗಿ ವಿಭಾಗವೇ ನಿಲ್ಲುತ್ತದೆ. ತಾಯಿ-ಮಗುವಿನ ಕಾರ್ಡ್ ಕೂಡ ಮರಾಠಿಯದು. ಗಡಿ ದಾಟಿದರೆ ಕರ್ನಾಟಕದ ತಾಯಿ ಕಾರ್ಡ್ ಕನ್ನಡದಲ್ಲಿ ಅಚ್ಚಾಗಿ ಸಿಗುತ್ತದೆ. ಮಹಾರಾಷ್ಟ್ರಕ್ಕೆ ಕನ್ನಡದಲ್ಲಿ ಅಚ್ಚು ಹಾಕಿಸುವುದು ಹೊಸತೇನಲ್ಲ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಈ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಕನ್ನಡದಲ್ಲೇ ಪಠ್ಯಪುಸ್ತಕ ಮಾಡಿಸಿ ಕೊಡುತ್ತದೆ. ಮಗುವಿಗೆ ಕನ್ನಡದಲ್ಲಿ ಪಾಠ ಕೊಡುವ ಸರ್ಕಾರ ಅದರ ತಾಯಿಗೆ ಕನ್ನಡದಲ್ಲಿ ಲಸಿಕೆಯ ಚೀಟಿ ಕೊಡಲಾರದೇ?

ಜತ್ತ ಮತ್ತು ಮಾಡಗ್ಯಾಳದಲ್ಲಿ ಗ್ರಾಮೀಣ ಆಸ್ಪತ್ರೆಗಳಿವೆ. ಕಷ್ಟದ ಹೆರಿಗೆ, ಅಪಘಾತ, ಹೃದಯದ ತೊಂದರೆ ಎಂದರೆ ಮೊದಲು ನೆನಪಾಗುವುದು ಮೀರಜ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ತೆರೆದಾಗಿನಿಂದ ಉತ್ತರ ಕರ್ನಾಟಕದ ಜನಕ್ಕೂ ಮೀರಜವೇ ದೊಡ್ಡ ದವಾಖಾನೆಯ ಊರು. ಈಗ ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಜತ್ತದಿಂದ ಅದು 80 ಕಿ.ಮೀ. ಆಸುಪಾಸು. ಉಮದಿ ಕಡೆಯವರಿಗೆ ಇನ್ನೂ ದೂರ. ಅವರಿಗೆ ವಿಜಯಪುರವೇ ಹತ್ತಿರ, ಮಾತೂ ಅಲ್ಲಿಯದೇ. ‘ಆ ಕಡೆ ಹೋದ್ರ ಈ ಕಾರ್ಡ್ ನಡೀತೈತೋ ಇಲ್ಲೋ ಮೊದಲ ಕೇಳಬೇಕ್ರಿ. ಕೇಳ್ಕೋತ ಕೂಡೂ ಹೊತ್ತು ಅದಲ್ಲ’ ಎಂದರು ಆಶಾತಾಯಿ.

ಗಡಿಯ ಮಾತು ಬಂದಾಗಲೆಲ್ಲ ಜತ್ತದ ಹೆಸರು ಕೇಳುತ್ತದೆ. ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಿಸಬೇಕೆಂದ ಊರುಗಳಲ್ಲಿ ಈ ತಾಲ್ಲೂಕಿನ ಹಳ್ಳಿಗಳೂ ಇದ್ದವು. 2012ರಲ್ಲಿ ನೀರಿಲ್ಲದೆ ಬೇಸತ್ತ ಇಲ್ಲಿನ ಪಂಚಾಯಿತಿಗಳು ಕರ್ನಾಟಕ ಸೇರುವ ಠರಾವು ಮಾಡಿದ ವಿಷಯ 2022ರಲ್ಲಿ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ವೇಗ ಬಂತು. ಅದು ಒಳ್ಳೆಯದೇ. 2023ರಲ್ಲಿ ಮಹಾರಾಷ್ಟ್ರ ತನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿ ಊರುಗಳಿಗೂ ಚಾಚಿತು. ಕರ್ನಾಟಕ ಅದನ್ನು ಕಟುವಾಗಿ ವಿರೋಧಿಸಿತು. ಪಕ್ಕದ ರಾಜ್ಯದ ಮರಾಠಿ ರೋಗಿಯ ಕಷ್ಟ ಕಂಡ ಕಣ್ಣಿಗೆ ತನ್ನದೇ ತಾಲ್ಲೂಕಿನ ಕನ್ನಡದ ರೋಗಿ ಕಾಣಬೇಕು. ಕರ್ನಾಟಕವೂ ಗಡಿ ಕನ್ನಡಿಗರ ಶಾಲೆಗೆ ಅನುದಾನ ಎನ್ನುವಾಗ ಅವರ ಬಾಣಂತಿಯರನ್ನು ನೆನೆಯಬೇಕು.

ಆಶಾಗಳ ಪಗಾರದ ಕಥೆ ಬೇರೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸ್ವಯಂಸೇವಕಿಯರೆಂದು ಇವರನ್ನು ತೆಗೆದುಕೊಂಡರು. ಇವತ್ತಿಗೂ ಕಾಗದದಲ್ಲಿ ಅವರು ನೌಕರರಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಮಹಾರಾಷ್ಟ್ರದ ಆಶಾಗಳು 2023ರ ಕೊನೆಗೆ ಮುಷ್ಕರ ಹೂಡಿದರು. 2024ರಲ್ಲಿ ಮತ್ತೆ ಮುಷ್ಕರ ಹೂಡಿ ಮುಂಬಯಿಯ ಆಜಾದ್ ಮೈದಾನದಲ್ಲಿ ದಿನಗಟ್ಟಲೆ ಕುಳಿತರು. ಆ ಮಾರ್ಚಿನಲ್ಲಿ ರಾಜ್ಯದ ಮಾನಧನ ತಿಂಗಳಿಗೆ 5,000 ರೂಪಾಯಿ ಹೆಚ್ಚಿತು. ಉಮದಿ ಭಾಗದ ಈ ಆಶಾತಾಯಿಯೂ ಮುಂಬಯಿಗೆ ಹೋಗಿದ್ದರಂತೆ. ‘ಸಮುದ್ರ ನೋಡಲಿಲ್ರಿ, ಮೈದಾನ ಅಷ್ಟs ನೋಡಿದ್ವಿ’ ಎಂದರು. ದುಡ್ಡು ಹೆಚ್ಚಾದದ್ದಕ್ಕೆ ಸಂತೋಷವಿದೆ. ಅದು ತಿಂಗಳು ತಪ್ಪದೆ ಕೈಗೆ ಬರಲಿ ಎಂಬುದು ಅವರ ಈಗಿನ ಬೇಡಿಕೆ.

ಡಾಕ್ಟರು ನಿಲ್ಲುವುದಿಲ್ಲ ಎಂದು ಊರವರು ಗೊಣಗುತ್ತಾರೆ. ಬರಗಾಲದಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರಿನಲ್ಲಿ ಹೊಸದಾಗಿ ಮದುವೆಯಾದ ಡಾಕ್ಟರು, ಕೈಕೂಸಿನ ನರ್ಸು ಹೇಗೆ ನೆಲೆ ನಿಲ್ಲಬೇಕು? ನಲ್ಲಿಯಲ್ಲಿ ನೀರು ಬರುವ ಎರಡು ಕೋಣೆಯ ಮನೆ, ರಾತ್ರಿ ಒಬ್ಬರೇ ಇರಲು ಅಂಜಿಕೆ ಇಲ್ಲದ ಆವರಣ, ಇವನ್ನು ಕೊಟ್ಟ ಮೇಲೆ ಅವರ ಮೇಲೆ ದೂರು ಹೇಳುವುದು ನ್ಯಾಯ. ಇಲ್ಲಿನ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗಿಯರನ್ನು ಆರಿಸಿ, ಜಿಲ್ಲಾ ಪರಿಷತ್ತಿನ ಖರ್ಚಿನಲ್ಲಿ ನರ್ಸಿಂಗ್ ಓದಿಸಿ, ಇಲ್ಲೇ ಕೆಲಸ ಕೊಟ್ಟರೆ ಅವರು ನಿಲ್ಲುತ್ತಾರೆ. ಮನೆ ಇಲ್ಲೇ ಇದೆ, ಮಾತೂ ಇದೇ.

ಸಾಂಗ್ಲಿ ಜಿಲ್ಲಾ ಪರಿಷತ್ತಿನವರಲ್ಲಿ ವಿನಂತಿ ಇಷ್ಟೇ. ಉಮದಿ, ಸಂಖ ಭಾಗದ ಉಪಕೇಂದ್ರಗಳಿಗೆ ಮುಂದಿನ ನೇಮಕಾತಿ ಮಾಡುವಾಗ ಕನ್ನಡ ಬಲ್ಲವರಿಗೆ ಮೊದಲ ಅವಕಾಶ ಕೊಡಿ, ತಾಯಿ-ಮಗುವಿನ ಕಾರ್ಡನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ, ವಸ್ತಿಗೆ ನಡೆದು ಹೋಗುವ ಆಶಾಗೆ ದಾರಿಯ ಖರ್ಚನ್ನು ಬೇರೆಯಾಗಿ ಕೊಡಿ.