ಅಪರೂಪದ ನರರೋಗ ಮತ್ತು ನಮ್ಮೂರಿನ ಡಾಕ್ಟರ ಆನ್‌ಲೈನ್ ಪಾಠ



ಕಳೆದ ತಿಂಗಳ ಒಕ್ಕೂಟದ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಸಿಸ್ಟರ್, ನಮ್ಮ ಆಸ್ಪತ್ರೆ ಡಾಕ್ಟ್ರು ವಾರಕ್ಕೊಂದು ದಿನ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂತಿರ್ತಾರೆ. ಯಾಕೆ ಅಂದ್ರೆ ನರ್ಸಮ್ಮ, ಸಾರ್ ಕ್ಲಾಸ್‌ನಲ್ಲಿದ್ದಾರೆ ಅಂತಾರೆ. ಡಾಕ್ಟ್ರಾದ ಮೇಲೆ ಇನ್ನೆಂಥ ಕ್ಲಾಸು?" ಎಲ್ಲರೂ ನಕ್ಕರು. ಹೊರಗೆ ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುವ ತಾಯಿಗೆ ಇದು ನಗುವ ವಿಷಯ ಅಲ್ಲ, ನಿಜ. ಆದರೂ ಆ ಕ್ಲಾಸ್ ಯಾಕೆ ಬೇಕು ಅನ್ನುವುದನ್ನು ತಿಳಿಸಲು ಒಂದು ಮನೆಯ ಸಂಗತಿ ಹೇಳುತ್ತೇವೆ.

ಮೈಸೂರು ತಾಲ್ಲೂಕಿನ ನಮ್ಮದೇ ಒಂದು ಸಂಘದ ಸದಸ್ಯೆಯ ಮನೆ. ಬರೆಯಲು ಅವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಮಗ ಒಂಬತ್ತನೇ ತರಗತಿಗೆ ಬರುವ ತನಕ ಚೆನ್ನಾಗಿದ್ದ. ಆಮೇಲೆ ಬರವಣಿಗೆ ಕೆಟ್ಟಿತು. ದುಂಡಗೆ ಬರೆಯುತ್ತಿದ್ದವನ ಅಕ್ಷರ ಸೊಟ್ಟಗಾಯಿತು, ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಮಾತು ತೊದಲಿತು, ಬಾಯಿಂದ ಜೊಲ್ಲು ಸುರಿಯತೊಡಗಿತು. ಸುಮ್ಮನೆ ಸಿಟ್ಟು ಮಾಡಿಕೊಳ್ಳುತ್ತಿದ್ದ, ಸುಮ್ಮನೆ ಅಳುತ್ತಿದ್ದ. ಶಾಲೆಯಲ್ಲಿ ಸೋಮಾರಿ ಅಂದರು. ನೆಂಟರು ಗಾಳಿ ಸೋಕಿದೆ ಅಂದರು. ತೋರಿಸಿದ ಡಾಕ್ಟರುಗಳಲ್ಲಿ ಒಬ್ಬರು ರಕ್ತಹೀನತೆಗೆ ಟಾನಿಕ್ ಕೊಟ್ಟರು, ಒಬ್ಬರು ಮನಸ್ಸಿನ ಕಾಯಿಲೆ ಅಂದರು, ಇನ್ನೊಬ್ಬರು ವಯಸ್ಸಿನ ಹುಡುಗ, ಸರಿಹೋಗುತ್ತಾನೆ ಅಂದರು. ಆ ತಾಯಿ ಸಂಘದಿಂದ ಎರಡು ಸಲ ಸಾಲ ತೆಗೆದರು. ಸಾಲದ ಪುಸ್ತಕದಲ್ಲಿ 'ಆರೋಗ್ಯ ವೆಚ್ಚ' ಅಂತ ಬರೆದಿದೆ. ಅದರಲ್ಲಿ ಆಸ್ಪತ್ರೆಗೆ ಎಷ್ಟು ಹೋಯಿತು, ಕೋಳಿ, ನಿಂಬೆಹಣ್ಣು, ತಾಯತಕ್ಕೆ ಎಷ್ಟು ಹೋಯಿತು ಅಂತ ನಾವೂ ಕೇಳಲಿಲ್ಲ. ಹೀಗೆ ಮೂರು ವರ್ಷ ಕಳೆಯಿತು.

ಕೊನೆಗೆ ಕಂಡುಹಿಡಿದವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಯುವ ಡಾಕ್ಟರು. ಅವರು ಮೊದಲು ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾಗಿದ್ದಾರಾ ಅಂತ ಕೇಳಿದರು. ಹೌದು, ಆಕೆಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಆಮೇಲೆ ಹುಡುಗನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಕಣ್ಣಿನ ಕಪ್ಪು ಭಾಗದ ಅಂಚಿನಲ್ಲಿ ಕಂದು-ಹಸಿರು ಬಣ್ಣದ ಸಣ್ಣ ಬಳೆಯಂಥ ಗುರುತು ಇತ್ತು. "ಈ ಬಳೆಯ ಫೋಟೋವನ್ನು ಕೆಲವು ವಾರದ ಹಿಂದೆ ಆನ್‌ಲೈನ್ ಪಾಠದಲ್ಲಿ ತೋರಿಸಿದ್ದರು ಸಿಸ್ಟರ್, ಇಲ್ಲದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ" ಎಂದು ಅವರೇ ನಮಗೆ ಹೇಳಿದರು.

ಇದರ ಹೆಸರು ವಿಲ್ಸನ್ ಕಾಯಿಲೆ. 1912ರಲ್ಲಿ ಲಂಡನ್ನಿನ ಡಾ. ಕಿನ್ನಿಯರ್ ವಿಲ್ಸನ್ ಅವರು ಇದನ್ನು ವಿವರಿಸಿ ಬರೆದದ್ದರಿಂದ ಆ ಹೆಸರು. ನಾವು ತಿನ್ನುವ ಆಹಾರದಲ್ಲಿ ಸ್ವಲ್ಪ ತಾಮ್ರದ ಅಂಶ ಇರುತ್ತದೆ. ಹೆಚ್ಚಾದದ್ದನ್ನು ಪಿತ್ತಜನಕಾಂಗ, ಅಂದರೆ ಲಿವರ್, ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಈ ಕಾಯಿಲೆ ಇರುವವರಲ್ಲಿ ಹುಟ್ಟಿನಿಂದಲೇ ಆ ಶಕ್ತಿ ಇರುವುದಿಲ್ಲ. ತಾಮ್ರ ಮೊದಲು ಲಿವರ್‌ನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ತಾಯಿ ತಂದೆ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಹಾಗಾಗಿ ಸಂಬಂಧದಲ್ಲೇ ಕೊಟ್ಟು ತರುವ ನಮ್ಮ ಕಡೆ ಇದರ ಅಪಾಯ ಹೆಚ್ಚು. (ತಾಮ್ರದ ಚೊಂಬಿನಲ್ಲಿ ನೀರು ಕುಡಿದದ್ದಕ್ಕೆ ಬಂತಾ ಅಂತ ಆ ತಾಯಿ ಅತ್ತುಕೊಂಡು ಕೇಳಿದ್ದರು. ಇಲ್ಲ, ಅದರಿಂದ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಯಿಲೆ ಇದೆ ಅಂತ ಗೊತ್ತಾದವರು ತಾಮ್ರದ ಪಾತ್ರೆಯಲ್ಲಿಟ್ಟ ನೀರನ್ನು ಕುಡಿಯಬಾರದು.)

ಹೊಟ್ಟೆ ಉರಿಯುವ ಮಾತೆಂದರೆ ಇದಕ್ಕೆ ಮಾತ್ರೆ ಇದೆ. ದೇಹದ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಪೆನಿಸಿಲಮೈನ್, ಆಹಾರದ ತಾಮ್ರ ಒಳಗೆ ಸೇರದಂತೆ ತಡೆಯುವ ಸತುವಿನ ಮಾತ್ರೆ. ಜೀವನಪೂರ್ತಿ ತಪ್ಪದೆ ತೆಗೆದುಕೊಳ್ಳಬೇಕು, ನಡುವೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬೇಗ ಶುರು ಮಾಡಿದರೆ ಎಲ್ಲರ ಹಾಗೆ ಬಾಳಬಹುದು. ತಡವಾದರೆ ಕೆಟ್ಟ ಮೆದುಳಿನ ಭಾಗ ಪೂರ್ತಿ ಸರಿಹೋಗುವುದಿಲ್ಲ. ಆ ಹುಡುಗ ಈಗ ನಡೆಯುತ್ತಾನೆ, ತಾನೇ ಊಟ ಮಾಡುತ್ತಾನೆ, ಮಾತು ಮಾತ್ರ ಇನ್ನೂ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಮೂರು ವರ್ಷ ಕಳೆದದ್ದರ ಬೆಲೆ ಅದು.

ಹಾಗಾದರೆ ಮೊದಲು ನೋಡಿದ ಡಾಕ್ಟರುಗಳು ದಡ್ಡರೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ವಿಲ್ಸನ್ ಕಾಯಿಲೆ ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುತ್ತದೆ ಎಂದು ಹೇಳುತ್ತಾರೆ. ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರ್ಕಾರ ಇಟ್ಟಿರುವ ಅಳತೆಯೂ 30,000 ಜನ. ಅಂದರೆ ಒಂದು ಕೇಂದ್ರದ ಇಡೀ ಸರಹದ್ದಿಗೆ ಒಬ್ಬ ರೋಗಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಇಂಥ ಅಪರೂಪದ ಕಾಯಿಲೆಗಳು ಒಂದೆರಡಲ್ಲ, ಸಾವಿರಾರು ಇವೆ. ಅವುಗಳಲ್ಲಿ ಬಹಳಷ್ಟು ನರಮಂಡಲಕ್ಕೆ ಸಂಬಂಧಿಸಿದವು. ಕಾಲೇಜಿನಲ್ಲಿ ಒಂದು ಗಂಟೆ ಕೇಳಿದ ಪಾಠ, ಹತ್ತು ವರ್ಷ ಜ್ವರ ಕೆಮ್ಮು ನೋಡಿದ ಮೇಲೆ ನೆನಪಿರುವುದು ಕಷ್ಟ.

ಇನ್ನೊಂದು ಕಡೆ, ಇದನ್ನು ಚೆನ್ನಾಗಿ ಬಲ್ಲವರು ದೂರದಲ್ಲೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಆಸ್ಪತ್ರೆಗೂ ವರ್ಷಕ್ಕೆ ಹತ್ತು ಜನ ಬಂದಿಲ್ಲ! ಒಂದು ಕಡೆ ಸೇರಿಕೊಂಡಿರುವ ಈ ಅನುಭವ ಹಳ್ಳಿಯ ಡಾಕ್ಟರಿಗೆ ತಲುಪುವುದು ಹೇಗೆ? ಎಲ್ಲಾ ಡಾಕ್ಟರನ್ನೂ ಬೆಂಗಳೂರಿಗೆ ಕರೆಸಿ ತಿಂಗಳುಗಟ್ಟಲೆ ಕೂರಿಸುವುದು ಆಗದ ಮಾತು.

ದಾರಿ ತೋರಿಸಿದವರಲ್ಲಿ ಒಬ್ಬರು ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ, ನಮ್ಮ ದೇಶದವರೇ. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು 'ಎಕೋ' ಎಂಬ ಪದ್ಧತಿ ಶುರು ಮಾಡಿದರು. ಹಳ್ಳಿಗಾಡಿನ ಡಾಕ್ಟರುಗಳನ್ನು ವಾರಕ್ಕೊಮ್ಮೆ ವಿಡಿಯೋ ಮೂಲಕ ಸೇರಿಸಿ ಪಾಠ ಮಾಡುವುದು, ಅವರ ರೋಗಿಗಳ ಬಗ್ಗೆ ಒಟ್ಟಿಗೆ ಚರ್ಚಿಸುವುದು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನೂರಕ್ಕೆ 57.5 ಜನ ಗುಣವಾಗಿದ್ದರೆ, ಹಳ್ಳಿಯ ಡಾಕ್ಟರುಗಳ ಕೈಯಲ್ಲಿ ನೂರಕ್ಕೆ 58.2 ಜನ. ಹಳ್ಳಿಯವರು ಒಂದು ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ ಅನ್ನುವುದು ನಮಗೆ ಬಹಳ ಸಂತೋಷ ಕೊಟ್ಟ ವಿಷಯ.

ಈ ಪದ್ಧತಿಯನ್ನು ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ಕುಡಿತ ಬಿಡಿಸುವ ಚಿಕಿತ್ಸೆ ಕಲಿಸಲು ಬಳಸಿಕೊಂಡಿತು. 2018ರಲ್ಲಿ ಅಲ್ಲಿ ಡಿಜಿಟಲ್ ಅಕಾಡೆಮಿಯೂ ಆರಂಭವಾಯಿತು. 2022ರ ಜನವರಿಯಲ್ಲಿ ನಿಮ್ಹಾನ್ಸ್, ನೀತಿ ಆಯೋಗ ಮತ್ತು ರಾಜ್ಯ ಸರ್ಕಾರ ಸೇರಿ 'ಕರ್ನಾಟಕ ಮೆದುಳು ಆರೋಗ್ಯ' ಯೋಜನೆಯನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿ, ಆಮೇಲೆ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ನರರೋಗ ಗುರುತಿಸಲು ತರಬೇತಿ ಕೊಡುವುದು ಅದರ ಒಂದು ಭಾಗ. ಅಲ್ಲಿ ಮುಖ್ಯವಾಗಿ ಕಲಿಸುವುದು ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ಕಾಯಿಲೆ. ಇವು ಅಪರೂಪದವಲ್ಲವಲ್ಲ ಅಂತ ನೀವು ಕೇಳಬಹುದು. ಆದರೆ ಸಾಮಾನ್ಯ ಕಾಯಿಲೆ ಚೆನ್ನಾಗಿ ಗೊತ್ತಿದ್ದವರಿಗೆ ತಾನೇ 'ಇದು ಅದಲ್ಲ, ಬೇರೆ ಏನೋ ಇದೆ' ಅಂತ ಅನುಮಾನ ಬರುವುದು? ಯುರೋಪಿನಲ್ಲಂತೂ ಅಪರೂಪದ ನರರೋಗಗಳಿಗೆಂದೇ 2017ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಒಂದು ಜಾಲ ಕಟ್ಟಿಕೊಂಡಿವೆ. ಜರ್ಮನಿಯ ಟ್ಯೂಬಿಂಗನ್ ಊರಿನಿಂದ ಅದು ನಡೆಯುತ್ತದೆ, ಡಾಕ್ಟರುಗಳಿಗೆ ಆನ್‌ಲೈನ್ ಪಾಠಗಳನ್ನೂ ಮಾಡುತ್ತದೆ.

ಒಳಗೆ ನಡೆಯುವುದು ಏನು? ನಮ್ಮ ಸಂಘದ ಸಭೆಯ ಹಾಗೇ ಅಂದುಕೊಳ್ಳಿ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬೇರೆ ಬೇರೆ ಊರಿನ ಡಾಕ್ಟರುಗಳು ತಮ್ಮ ತಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸೇರುತ್ತಾರೆ. ಮೊದಲು ತಜ್ಞರು ಸ್ವಲ್ಪ ಹೊತ್ತು ಪಾಠ ಮಾಡುತ್ತಾರೆ. ನಂತರ ಒಬ್ಬ ಡಾಕ್ಟರು ತಮ್ಮ ರೋಗಿಯ ತೊಂದರೆಯನ್ನು ಹೆಸರು, ಊರು ತೆಗೆದು ಎಲ್ಲರ ಮುಂದೆ ಇಡುತ್ತಾರೆ. ಉಳಿದವರು ಪ್ರಶ್ನೆ ಕೇಳುತ್ತಾರೆ, ತಜ್ಞರು ಸಲಹೆ ಕೊಡುತ್ತಾರೆ. ಚಿಕಿತ್ಸೆಯ ಜವಾಬ್ದಾರಿ ಮಾತ್ರ ಊರಿನ ಡಾಕ್ಟರದೇ. ಇ-ಸಂಜೀವಿನಿಯಂಥ ಫೋನ್ ಸಲಹೆಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇರುವುದು. ಅಲ್ಲಿ ಒಬ್ಬ ರೋಗಿಗೆ ಉತ್ತರ ಸಿಗುತ್ತದೆ. ಇಲ್ಲಿ ಒಂದು ರೋಗಿಯ ಕಥೆಯಿಂದ ಕೂತವರೆಲ್ಲ ಕಲಿಯುತ್ತಾರೆ, ಮುಂದೆ ಅವರ ಬಾಗಿಲಿಗೆ ಅಂಥದೇ ಮಗು ಬಂದಾಗ ನೆನಪಾಗುತ್ತದೆ.

ಹಾಗೆಂದು ಈ ಪಾಠವನ್ನು ಹೊಗಳುತ್ತಾ ಕೂರಲು ನಾವು ತಯಾರಿಲ್ಲ. ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಎಷ್ಟು ಜಿಗಿಯುತ್ತದೆ ನೋಡುವುದು, ಕೈ ಮಡಿಸಿ ಬಿಗಿತ ಅಳೆಯುವುದು, ಇವೆಲ್ಲ ಕೈ ಹಿಡಿದು ಕಲಿಸಬೇಕಾದ ವಿದ್ಯೆ, ಪರದೆ ನೋಡಿ ಬರುವುದಿಲ್ಲ. ನೆಟ್‌ವರ್ಕ್ ಹೋದರೆ ಪಾಠವೂ ಹೋಯಿತು. ಹಾಜರಿ ಹಾಕಿಸಿಕೊಂಡು, ಕ್ಯಾಮೆರಾ ಮುಚ್ಚಿ, ಸರ್ಟಿಫಿಕೇಟ್‌ಗೆ ಮಾತ್ರ ಕಾಯುವವರು ಎಲ್ಲಾ ತರಬೇತಿಯಲ್ಲೂ ಇರುತ್ತಾರೆ (ನಮ್ಮ ತರಬೇತಿಗಳಲ್ಲೂ ಇದ್ದಾರೆ, ನೀವೇ ನೋಡಿದ್ದೀರಿ). ಅನುಮಾನ ಬಂದ ಮೇಲೆ ರಕ್ತ, ಮೂತ್ರದ ತಾಮ್ರದ ಪರೀಕ್ಷೆ, ಸ್ಕ್ಯಾನ್ ಇವು ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಆ ಖರ್ಚಿಗೆ, ಓಡಾಟಕ್ಕೆ ಯಾವ ಆನ್‌ಲೈನ್ ಪಾಠವೂ ದುಡ್ಡು ಕೊಡುವುದಿಲ್ಲ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿ ತನಕ ನೆರವು ಇದೆ. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಕೆಲಸ ಮಾಡುವ ಮಾನವ ತಳಿವಿಜ್ಞಾನ ಕೇಂದ್ರ ಅಂಥದ್ದರಲ್ಲಿ ಒಂದು. ಪಟ್ಟಿಯಲ್ಲಿ ಎಲ್ಲಾ ಕಾಯಿಲೆಗಳೂ ಇಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ.

ಪಾಠ ಯಾವಾಗಲೂ ದೊಡ್ಡ ಊರಿಂದ ಸಣ್ಣ ಊರಿಗೇ ಬರುತ್ತದೆ ಅಂದುಕೊಳ್ಳಬೇಡಿ. ಹಂಡೆಯಲ್ಲಿ ನೀರು ಕಾಯಿಸಿ ತಲೆಗೆ ಚೊಂಬಿನ ಮೇಲೆ ಚೊಂಬು ಹುಯ್ಯುವಾಗ ಬಚ್ಚಲಲ್ಲೇ ಫಿಟ್ಸ್ ಬಂದು ಬೀಳುವವರನ್ನು ನಮ್ಮ ಕಡೆ ಬಹಳ ಜನ ನೋಡಿದ್ದೀರಿ. 'ಬಿಸಿನೀರಿನ ಮೂರ್ಛೆ' ಅನ್ನುವ ಇದು ಪ್ರಪಂಚದ ಬೇರೆ ಕಡೆ ತೀರಾ ಅಪರೂಪ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ಡಾ. ಕೆ.ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು, ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು 1988ರಲ್ಲಿ 279 ರೋಗಿಗಳ ವಿವರ ಕೊಟ್ಟರು. ನೀರಿನ ಬಿಸಿ ಕಡಿಮೆ ಮಾಡುವುದು, ಒಮ್ಮೆಲೇ ತಲೆಗೆ ಸುರಿಯದಿರುವುದು, ಅಗತ್ಯವಿದ್ದರೆ ತಲೆಸ್ನಾನಕ್ಕೆ ಮುಂಚೆ ಡಾಕ್ಟರು ಹೇಳಿದ ಮಾತ್ರೆ ನುಂಗುವುದು, ಇಷ್ಟರಲ್ಲೇ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಇದೇ ಡಾ. ಮಣಿಯವರ ತಂಡ ನಮ್ಮ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗದ ಸಮೀಕ್ಷೆ ಮಾಡಿ, ಕಡಿಮೆ ಬೆಲೆಯ ಹಳೆಯ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿತು. 2001ರಲ್ಲಿ ಇಂಗ್ಲೆಂಡಿನ ದೊಡ್ಡ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಅದನ್ನು ಅಚ್ಚು ಹಾಕಿತು. ಹೊರದೇಶದ ಡಾಕ್ಟರಿಗೆ ಬಿಸಿನೀರಿನ ಮೂರ್ಛೆ ಕಲಿಯಬೇಕಾದರೆ ನಮ್ಮ ಬಚ್ಚಲುಮನೆಯ ಕಥೆಯೇ ಬೇಕು.

ಆನ್‌ಲೈನ್ ಪಾಠದಲ್ಲಿ ಡಾಕ್ಟರು ಮುಂದಿಡುವ ಕಥೆ ಬರುವುದು ನಿಮ್ಮ ಬಾಯಿಂದ. ಮೊದಲು ಯಾವ ತಿಂಗಳಲ್ಲಿ ಏನು ಬದಲಾಯಿತು ಅಂತ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಗುವಿನ ಹಳೆಯ ಶಾಲಾ ಪುಸ್ತಕ ಬಿಸಾಡಬೇಡಿ, ಅಕ್ಷರ ಕೆಟ್ಟದ್ದು ಯಾವಾಗ ಅಂತ ಅದೇ ಹೇಳುತ್ತದೆ. ಎಲ್ಲಾ ಚೀಟಿಗಳನ್ನೂ, ತೋರಿಸಿ ಬಿಟ್ಟ ಡಾಕ್ಟರ ಚೀಟಿಯನ್ನೂ ಸೇರಿಸಿ, ಒಂದೇ ಫೈಲಿನಲ್ಲಿಡಿ. ಸಂಬಂಧದಲ್ಲಿ ಮದುವೆಯಾಗಿದ್ದರೆ ನಾಚಿಕೆ ಪಡದೆ ಹೇಳಿ. ಫಿಟ್ಸ್ ಬಂದಾಗ ಮೊದಲು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಇನ್ನೊಬ್ಬರು ಇದ್ದರೆ ಅವರು ಫೋನಿನಲ್ಲಿ ವಿಡಿಯೋ ತೆಗೆಯಲಿ. ಆ ವಿಡಿಯೋ ಡಾಕ್ಟರಿಗೆ ಮಾತ್ರ, ವಾಟ್ಸಪ್ ಗುಂಪಿಗಲ್ಲ. "ಡಾಕ್ಟ್ರೇ, ನಮ್ಮ ಮಗುವಿನ ವಿಷಯ ನಿಮ್ಮ ಆನ್‌ಲೈನ್ ಕ್ಲಾಸ್‌ನಲ್ಲಿ ಕೇಳಬಹುದಾ?" ಅಂತ ಕೇಳಲು ಹೆದರಬೇಡಿ. ಒಪ್ಪಿಗೆ ಕೊಡುವ ಮುಂಚೆ ಹೆಸರು, ಮುಖ ತೋರಿಸಬೇಡಿ ಅಂತ ಹೇಳುವ ಹಕ್ಕೂ ನಿಮಗಿದೆ. ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲೂ ತೋರಿಸಿ. 1965ರಿಂದ ಇರುವ ಸಂಸ್ಥೆ ಅದು, ನಮ್ಮ ಹುಡುಗ ಈಗ ಮಾತಿನ ಅಭ್ಯಾಸಕ್ಕೆ ಅಲ್ಲಿಗೇ ಹೋಗುತ್ತಾನೆ.

ಆ ಹುಡುಗನಿಗೊಬ್ಬಳು ತಂಗಿ ಇದ್ದಾಳೆ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಈ ಕಾಯಿಲೆ ಇರುವ ಸಂಭವ ಇರುವುದರಿಂದ ಡಾಕ್ಟರು ಅವಳನ್ನೂ ಪರೀಕ್ಷೆ ಮಾಡಿಸಿದರು. ಅವಳಿಗೂ ಇತ್ತು. ಕೈ ನಡುಗಿರಲಿಲ್ಲ, ಮಾತು ಕೆಟ್ಟಿರಲಿಲ್ಲ, ಶಾಲೆಯ ಖೋಖೋ ತಂಡದಲ್ಲಿದ್ದಳು. ಆ ದಿನದಿಂದ ಸತುವಿನ ಮಾತ್ರೆ ತಪ್ಪಿಸಿಲ್ಲ, ಈಗ ಪಿಯುಸಿ ಓದುತ್ತಿದ್ದಾಳೆ. ಹೋದ ವಾರ ಆ ತಾಯಿ ಫೋನ್ ಮಾಡಿದ್ದರು. "ಸಿಸ್ಟರ್, ಹುಡುಗಿಯನ್ನ ನನ್ನ ತಮ್ಮನಿಗೇ ಕೊಡು ಅಂತ ತವರಿಂದ ಕೇಳ್ತಾವ್ರೆ. ಏನು ಹೇಳ್ಲಿ?" ಓದು ಮುಗಿಯಲಿ, ಹದಿನೆಂಟಾಗಲಿ ಅನ್ನುವುದು ಮೊದಲ ಮಾತು ಅಂದೆವು. ಉಳಿದದ್ದನ್ನು ಡಾಕ್ಟರ ಬಾಯಿಂದಲೇ ಕೇಳಲಿ ಅಂತ, ಮುಂದಿನ ತಪಾಸಣೆಗೆ ತಮ್ಮನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇವೆ.