ತೆಗೆದ ಚಿತ್ರಗಳ ಗತಿಯೇನು?

ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬಂದವರೆಲ್ಲ ಒಂದು ಸಂಗತಿಯನ್ನು ಗಮನಿಸಿರಬಹುದು. ವೇದಿಕೆಯ ಮೇಲೆ ಮಕ್ಕಳು ಕೋಲಾಟ ಆಡುತ್ತಿರುವಾಗ ಕೆಳಗೆ ಕುಳಿತವರಲ್ಲಿ ಅರ್ಧದಷ್ಟು ಜನ ಕೈ ಮೇಲೆತ್ತಿ ಫೋನು ಹಿಡಿದಿರುತ್ತಾರೆ. ಹಿಂದೆ ಕುಳಿತ ನಮ್ಮಂಥವರಿಗೆ ಕೋಲಾಟ ಕಾಣುವುದಿಲ್ಲ, ಫೋನುಗಳೇ ಕಾಣುತ್ತವೆ. ಅದು ಹೋಗಲಿ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹೀಗೆ ತೆಗೆದ ಚಿತ್ರಗಳನ್ನು ಆಮೇಲೆ ಏನು ಮಾಡುತ್ತೀರಿ?

ಈ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕಿದ್ದು ಒಂದು ಕಬ್ಬಿಣದ ಟ್ರಂಕಿನಿಂದ. ಧರಮಪೇಠದ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಆ ಜಾಗದಲ್ಲಿ ಫ್ಲ್ಯಾಟುಗಳು ಏಳುತ್ತಿರುವುದನ್ನು ನೀವು ಬಲ್ಲಿರಿ. ನಮ್ಮ ಮಾವನವರು ಕಟ್ಟಿಸಿದ ಮನೆಯ ಸರದಿಯೂ ಬಂತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಅಟ್ಟದ ಮೇಲಿನ ಸಾಮಾನುಗಳನ್ನು ಇಳಿಸುವಾಗ ಹಿತ್ತಾಳೆಯ ಹಂಡೆಯ ಹಿಂದೆ ಆ ಟ್ರಂಕು ಸಿಕ್ಕಿತು. ತೆರೆದು ನೋಡಿದರೆ ನೂರಕ್ಕೆ ಮೇಲ್ಪಟ್ಟು ಕಾಗದದ ಲಕೋಟೆಗಳು. ಒಂದೊಂದರಲ್ಲಿಯೂ ಹನ್ನೆರಡು ನೆಗೆಟಿವುಗಳು. ಲಕೋಟೆಯ ಮೇಲೆ ಇಸವಿ ಮಾತ್ರ. ಯಾರು, ಎಲ್ಲಿ ಎಂಬುದು ಯಾವುದರ ಮೇಲೂ ಇರಲಿಲ್ಲ.

ಮಾವನವರು ಧಾರವಾಡದಿಂದ ರೈಲ್ವೆ ಕಚೇರಿಯ ಕೆಲಸಕ್ಕೆಂದು ನಾಗಪುರಕ್ಕೆ ಬಂದವರು. ಅವರಿಗೆ ಎಲೆ ಅಡಿಕೆಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಇದೊಂದೇ ಚಟ. ಅಗ್ಫಾ ಕ್ಲಿಕ್ 3 ಎಂಬ ಸಾದಾ ಪೆಟ್ಟಿಗೆಯಂಥ ಕ್ಯಾಮರಾ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹನ್ನೆರಡನ್ನು ಒಂದು ತಿಂಗಳಿಗೆ ಹಂಚಿಕೊಳ್ಳಬೇಕು. ಆದ್ದರಿಂದ ಒಂದು ಸಮಾರಂಭಕ್ಕೆ ಒಂದೇ ಚಿತ್ರ. ಯಾರಾದರೂ ಕಣ್ಣು ಮುಚ್ಚಿದರೆ ಮುಚ್ಚಿದ್ದೇ ಸರಿ. ಭಾನುವಾರ ರಾತ್ರಿ ಬಚ್ಚಲುಮನೆಯೇ ಕತ್ತಲೆ ಕೋಣೆ. ಕೆಂಪು ಬಲ್ಬು, ಮೂರು ಪಿಂಗಾಣಿ ತಟ್ಟೆ, ಒಂದರಲ್ಲಿ ಡೆವಲಪರ್, ಒಂದರಲ್ಲಿ ನೀರು, ಒಂದರಲ್ಲಿ ಹೈಪೋ. ಹೈಪೋ ಚೆನ್ನಾಗಿ ತೊಳೆದು ಹೋಗದಿದ್ದರೆ ವರ್ಷಗಳ ಮೇಲೆ ಚಿತ್ರ ಹಳದಿಯಾಗುವುದು. ಬೇಸಿಗೆಯಲ್ಲಿ ನಲ್ಲಿಯ ನೀರು ಕಡಿಮೆ. ಅಡಿಗೆಗೆ ನೀರೋ ಫೋಟೋಕ್ಕೆ ನೀರೋ ಎಂದು ಅತ್ತೆಯವರಿಗೂ ಅವರಿಗೂ ಜಗಳ ಆಗುತ್ತಿದ್ದುದನ್ನು ನಮ್ಮ ಯಜಮಾನರು ಈಗಲೂ ನೆನೆದು ನಗುತ್ತಾರೆ.

ಹವ್ಯಾಸಿಗಳು ತೆಗೆದ ಚಿತ್ರಗಳಿಗೆ ದೊಡ್ಡ ಗತಿ ಸಿಕ್ಕ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಉಂಟು. ಲಿನಿಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಕ್ಯಾಪ್ಟನ್ 1854ರಲ್ಲಿ ತನ್ನ ಖುಷಿಗಾಗಿ ಹಳೇಬೀಡು ಬೇಲೂರುಗಳಿಗೆ ಹೋಗಿ ಗುಡಿಗಳ ಚಿತ್ರ ತೆಗೆದ. ಮರುವರ್ಷ ಅವನ್ನು ಮದರಾಸಿನ ವಸ್ತುಪ್ರದರ್ಶನದಲ್ಲಿ ಇಟ್ಟ. ಮೆಚ್ಚುಗೆ ಬಂತು, ಸರಕಾರದ ಕಣ್ಣಿಗೂ ಬಿದ್ದ. ಮುಂದೆ ಮದರಾಸು ಸರಕಾರದ ಛಾಯಾಗ್ರಾಹಕನೇ ಆದ. ಅದೇ ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನದು ಬೇರೆ ಕಥೆ. ಅವನು 1856ರಲ್ಲಿ ಹಂಪೆಯ ವಿಠ್ಠಲ ಗುಡಿಯೇ ಮೊದಲಾದವನ್ನು ಮೇಣ ಸವರಿದ ಕಾಗದದ ಭಾರಿ ನೆಗೆಟಿವುಗಳಲ್ಲಿ ಹಿಡಿದ. ಅರವತ್ತರಷ್ಟು ನೆಗೆಟಿವುಗಳು. ಅವು ಮರೆಯಾಗಿ ಹೋಗಿ, ಒಂದು ಶತಮಾನಕ್ಕೂ ಮಿಕ್ಕ ಕಾಲದ ಮೇಲೆ 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹೊರಗೆ ಬಂದವು. ಆಗ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ ಜಾರ್ಜ್ ಮಿಶೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದಿದೆ. ಯಾವ ಕಂಬ ಬಿತ್ತು, ಯಾವ ಗೋಪುರ ಕುಸಿಯಿತು ಎಂದು ತಿಳಿಯಬೇಕಾದವರಿಗೆ ಇಂದು ಆ ಸೈನಿಕನ ಹವ್ಯಾಸವೇ ಸಾಕ್ಷಿ.

ಸಂಡೂರಿನ ಎಂ. ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸಿನ ಮಂತ್ರಿಗಳಾಗಿದ್ದರು. ಬಿಡುವಿನಲ್ಲಿ ಕಾಡು ಹೊಕ್ಕು ಕಪ್ಪು ಬಿಳುಪಿನಲ್ಲಿ ಪ್ರಾಣಿಗಳ ಚಿತ್ರ ತೆಗೆದು 1983ರಲ್ಲಿ ಪುಸ್ತಕ ಮಾಡಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಕುಳಿತುದರ ಫಲ ಕನ್ನಡ ಓದುವ ಮಕ್ಕಳಿಗೆ ‘ಮಿಂಚುಳ್ಳಿ’, ‘ಹಕ್ಕಿ ಪುಕ್ಕ’ಗಳಾಗಿ ದೊರೆಯಿತು. ಇನ್ನು ಸ್ಪರ್ಧೆಗಳ ಲೋಕವೇ ಒಂದುಂಟು. ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ 1953ರಲ್ಲಿ ಭಾರತದ ಛಾಯಾಗ್ರಾಹಕರ ಒಕ್ಕೂಟ ಹುಟ್ಟಿತು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ದೊಡ್ಡ ದೊಡ್ಡ ಪ್ರಿಂಟುಗಳನ್ನು ರಟ್ಟಿನ ನಡುವೆ ಭದ್ರ ಮಾಡಿ, ಪರದೇಶಗಳ ಪ್ರದರ್ಶನಗಳಿಗೆ ಅಂಚೆಯಲ್ಲಿ ಕಳಿಸಿ, ತಿಂಗಳುಗಟ್ಟಲೆ ಕಾಯುವ ಜನ ಅವರು. ಈಗ ಅದು ಕಂಪ್ಯೂಟರಿನ ಮೂಲಕ ನಡೆಯುತ್ತದೆ.

ಆದರೆ ಎಲ್ಲರೂ ಘೋರ್ಪಡೆಯವರಾಗಲಾರರು. ನಮ್ಮ ಮಾವನವರು ಒಂದು ಸ್ಪರ್ಧೆಗೂ ಕಳಿಸಿದವರಲ್ಲ. ಅವರು ತೆಗೆದದ್ದು ಗೋಕುಳಪೇಠದ ಬಾಜಾರು, ಫುಟಾಳಾ ತಲಾವು, ಪೋಳಾದ ಮರುದಿನ ನಡೆಯುವ ಮಾರಬತದ ಮೆರವಣಿಗೆ, ನೆರೆಹೊರೆಯ ಮಕ್ಕಳ ಮುಂಜಿ, ನಾಮಕರಣ. ಇತವಾರಿಯಲ್ಲಿ ನಿಂತ ಛಿಂದವಾಡೆಯ ಸಣ್ಣ ಹಳಿಯ ರೈಲಿನ ಚಿತ್ರ ಒಂದಿದೆ. ತೆಗೆದ ದಿನ ಅದು ಯಾರಿಗೂ ವಿಶೇಷವೆನಿಸಿರಲಾರದು. ಆ ರೈಲು 2015ರಲ್ಲಿ ನಿಂತುಹೋಯಿತು. ಈಗ ನೋಡಿದವರೆಲ್ಲ ಪ್ರತಿ ಕೇಳುತ್ತಾರೆ.

ಅಮೆರಿಕದ ಶಿಕಾಗೋ ನಗರದಲ್ಲಿ ವಿವಿಯನ್ ಮೇಯರ್ ಎಂಬಾಕೆ ಜನರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ, ಬಿಡುವಿನಲ್ಲಿ ಬೀದಿಯ ಚಿತ್ರ ತೆಗೆದು ಯಾರಿಗೂ ತೋರಿಸದೆ ಪೆಟ್ಟಿಗೆಗಳಲ್ಲಿ ತುಂಬಿಟ್ಟಳು. ಬಾಡಿಗೆ ಬಾಕಿ ಬಿದ್ದು 2007ರಲ್ಲಿ ಆ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಅವಳು ತೀರಿಕೊಂಡ ಮೇಲೆ ಜಗತ್ತು ಅವಳನ್ನು ಹೊಗಳತೊಡಗಿತು. ಹರಾಜಿನಲ್ಲಿ ಕೊಂಡವರು ರದ್ದಿಗೆ ಹಾಕಿದ್ದರೆ? ನಮ್ಮ ಮನೆಯ ಟ್ರಂಕಿಗೂ ಆ ಕ್ಷಣ ಬಂದಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. “ಎಲ್ಲಾ ತಗೊಂಡು ಹೋಗಪಾ” ಎಂದು ರದ್ದಿಯವನಿಗೆ ಹೇಳಿದವಳು ನಾನೇ. ಅತ್ತೆಯವರು ಒಳಗಿನಿಂದ ಬಂದು ಟ್ರಂಕಿನ ಮೇಲೆ ಕುಳಿತುಬಿಟ್ಟರು.

ಅವರಿಗೆ ಎಂಬತ್ತನಾಲ್ಕು. ನಿನ್ನೆ ಏನು ಉಂಡೆವೆಂಬುದು ನೆನಪಿಲ್ಲ, ಮದುವೆಯಾಗಿ ಬಂದಾಗಿನದೆಲ್ಲ ನೆನಪಿದೆ. ಆ ಮಳೆಗಾಲ ಪೂರ್ತಿ ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಕುಳಿತೆವು. ಲ್ಯಾಪ್‌ಟಾಪಿನ ಪರದೆಯನ್ನು ಬೆಳ್ಳಗೆ ಮಾಡಿ, ಅದರಿಂದ ಎರಡು ಬೆರಳು ಮೇಲಕ್ಕೆ ಗಾಜಿನ ತುಂಡಿಟ್ಟು, ಅದರ ಮೇಲೆ ನೆಗೆಟಿವ್ ಹಾಸಿ, ಮೇಲಿನಿಂದ ಫೋನಿನಲ್ಲಿ ಚಿತ್ರ ತೆಗೆದು ಕಪ್ಪು ಬಿಳುಪನ್ನು ತಿರುಗಿಸಿದರೆ ಮುಖ ಕಾಣುತ್ತದೆ. ಸ್ಕ್ಯಾನರಿನಷ್ಟು ಚೊಕ್ಕಟವಲ್ಲ, ಆದರೆ ಗುರುತು ಹಿಡಿಯಲು ಸಾಕು. ನೆಗೆಟಿವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆರಳಿನ ಎಣ್ಣೆ ತಾಗಿದರೆ ಅಲ್ಲಿ ಬೂಸರು ಹಿಡಿಯುವುದು. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಅಂಥದರಲ್ಲಿ ತಗಡಿನ ಕೆಳಗಿನ ಅಟ್ಟದಲ್ಲಿ ಫಿಲ್ಮು ಇಡುವುದೆಂದರೆ ಹಪ್ಪಳ ಸುಟ್ಟಂತೆ. ನಡುಮನೆಯ ಕಪಾಟಿನ ನಡುವಿನ ಅರೆಯೇ ಒಳ್ಳೆಯದು, ಅಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದಿರಲಿ. ಪ್ರಿಂಟುಗಳ ಹಿಂದೆ ಹೆಸರನ್ನು ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ. ಒಂದು ಕಾಲದಲ್ಲಿ ಬಲು ಮೆರೆದ ಅಂಟುಹಾಳೆಯ ಆಲ್ಬಮ್ಮುಗಳಲ್ಲಿ ನಮ್ಮ ಮದುವೆಯ ಬಣ್ಣದ ಫೋಟೋಗಳು ಕಚ್ಚಿಕೊಂಡು ಕೂತಿವೆ. ಎಳೆದರೆ ಹರಿಯುತ್ತವೆ.

ಫೋನಿನ ಚಿತ್ರಗಳಿಗೆ ಬೂಸರು ಹಿಡಿಯುವುದಿಲ್ಲವಲ್ಲ ಎನ್ನಬಹುದು. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಉಚಿತವಾಗಿ ಇಟ್ಟುಕೊಳ್ಳುತ್ತೇನೆಂದು ಹೇಳಿ, 2021ರ ಜೂನಿನಿಂದ ಹೊಸ ಚಿತ್ರಗಳನ್ನೆಲ್ಲ 15 ಜಿ.ಬಿ.ಯ ಲೆಕ್ಕಕ್ಕೆ ಸೇರಿಸಿತು. ಫ್ಲಿಕರ್ 2019ರಲ್ಲಿ ಉಚಿತ ಖಾತೆಗೆ ಸಾವಿರ ಚಿತ್ರದ ಮಿತಿ ಹಾಕಿತು. ಬೇರೆಯವರ ಅಟ್ಟವೂ ಅಟ್ಟವೇ. ವರ್ಷಕ್ಕೆ ಐವತ್ತು ಚಿತ್ರ ಆರಿಸಿ ಪ್ರಿಂಟು ಹಾಕಿಸಿ, ಹೆಸರು ಬರೆದಿಡಿ. ಉಳಿದದ್ದನ್ನು ಎರಡು ಕಡೆ ನಕಲು ಮಾಡಿಡಿ. ಆರಿಸುವ ಕೆಲಸ ನಮ್ಮ ಯಜಮಾನರಿಗೆ ಆಗದು. ಒಂದೇ ಕಿತ್ತಳೆ ಗಿಡದ ನಲವತ್ತು ಚಿತ್ರ ಇಟ್ಟುಕೊಂಡಿದ್ದಾರೆ.

ಇನ್ನೊಂದು ಮಾತು. ಮಾವನವರು ಕೆಲವು ಒಳ್ಳೆಯ ನೆಗೆಟಿವುಗಳನ್ನು ದೊಡ್ಡದು ಮಾಡಿಸಲೆಂದು ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದರಂತೆ. ಅವು ಮರಳಿ ಬರಲೇ ಇಲ್ಲ. ಅದರಲ್ಲಿ ನಮ್ಮ ಯಜಮಾನರ ಜಾವಳದ ಚಿತ್ರವೂ ಇತ್ತೆಂದು ಅತ್ತೆಯವರು ಇಂದಿಗೂ ಹಳಹಳಿಸುತ್ತಾರೆ.

ಆ ಮಳೆಗಾಲದಲ್ಲಿ ಸುಮಾರು ಎಂಟುನೂರು ಚಿತ್ರಗಳಿಗೆ ಹೆಸರು ಸಿಕ್ಕಿತು. ಕೆಲವು ಮುಖಗಳಿಗೆ “ನನಗ ನೆನಪಾಗವಲ್ದವಾ” ಎಂದು ಸುಮ್ಮನಾಗುತ್ತಿದ್ದರು. ಅವರ ಓರಗೆಯವರು ಊರಲ್ಲಿ ಯಾರೂ ಉಳಿದಿಲ್ಲ, ಕೇಳುವುದು ಯಾರನ್ನು?

1966 ಎಂದು ಬರೆದ ಲಕೋಟೆಯಲ್ಲಿ ಒಬ್ಬ ಹೆಣ್ಣುಮಗಳು ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ನಗುತ್ತಿದ್ದಳು. ಅತ್ತೆಯವರು ಬಹಳ ಹೊತ್ತು ನೋಡಿದರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಗದಗಿನ ಕಡೆಯವರ ಸೊಸೆ, ಮರುವರ್ಷ ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿಯಿತು ಎಂದರು. ಆ ಕೂಸು ಈಗ ಅರವತ್ತರ ಹತ್ತಿರದ ಗೃಹಸ್ಥರು, ಪುಣೆಯಲ್ಲಿರುವರೆಂದು ಸಂಘದ ಹಿರಿಯರೊಬ್ಬರಿಂದ ತಿಳಿಯಿತು. ಚಿತ್ರವನ್ನು ದೊಡ್ಡದು ಮಾಡಿಸಿ ಕಳಿಸಿದೆವು.

ನಾಲ್ಕು ದಿನದ ಮೇಲೆ ಫೋನು ಬಂತು. ಬಹಳ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ. ಮನೆಯಲ್ಲಿ ತಾಯಿಯದು ಇದ್ದದ್ದು ಮದುವೆಯ ಗುಂಪಿನ ಫೋಟೋ ಒಂದೇ, ಅದರಲ್ಲಿ ಸೆರಗು ಹಣೆಯ ತನಕ ಇಳಿದಿತ್ತು, ಮುಖ ನೋಡಿದ್ದು ಇದೇ ಮೊದಲು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: “ಮಾವಶಿ ಹತ್ರ ಇದ್ರ ಕೇಳ್ರಿ, ಆ ಸೀರಿ ಬಣ್ಣ ಯಾವುದಿತ್ತಂತ?”

ನಾನು ಫೋನು ಅತ್ತೆಯವರ ಕಿವಿಗೆ ಹಿಡಿದೆ.

“ಹಸರ ಇಳಕಲ್ ಸೀರಿಪಾ, ಕೆಂಪು ದಡಿ. ಅಕೀಗೆ ಅದೊಂದ ಛಲೋ ಸೀರಿ ಇತ್ತು. ಫೋಟೋ ತಗೀತಾರಂತ ಒಳಗ ಓಡಿ ಹೋಗಿ ಉಟಗೊಂಡು ಬಂದಿದ್ಲು.”

ನಮ್ಮ ಬಳಿಯಿದ್ದ ಪ್ರತಿಯ ಹಿಂದೆ, ಹೆಸರಿನ ಕೆಳಗೆ, ಅದನ್ನೂ ಪೆನ್ಸಿಲಿನಿಂದ ಬರೆದಿಟ್ಟೆ.